ಆ ನೆಲ ಒರೆಸೋರು ಯಾರು?

ಕೂಸೇ, ಹೋದ ಸಲ ರಜೆಗೆ ಬಂದಾಗ ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡು ಟಿವಿ ಮುಂದೆ ಕೂತಿದ್ದೆಯಲ್ಲ, ಆ ಸಂಜೆಯ ವಿಚಾರ ನಿನ್ನ ಹತ್ತಿರ ಮಾತಾಡಬೇಕು ಅಂತ ಆವತ್ತಿನಿಂದ ಅಂದುಕೊಳ್ಳುತ್ತಿದ್ದೇನೆ. ಏಳೂವರೆ ಸೀರಿಯಲ್ಲು ನಡೆಯುತ್ತಿತ್ತು. ನಿನಗೆ ಸೀರಿಯಲ್ ಬೇಕಿರಲಿಲ್ಲ, ನಡುನಡುವೆ ಬರುವ ಜಾಹೀರಾತು ಬೇಕಿತ್ತು. ಹತ್ತು ಜಾಹೀರಾತು ನೋಡಿ ಒಂದೊಂದರ ‘ಟಾರ್ಗೆಟ್ ಆಡಿಯನ್ಸ್’ ಯಾರು ಅಂತ ಬರೆದುಕೊಂಡು ಬನ್ನಿ ಎಂದು ಮೈಸೂರಿನ ನಿಮ್ಮ ಮೇಷ್ಟ್ರು ಹೇಳಿದ್ದರಂತೆ. ಜಾಹೀರಾತು ಬಂತೆಂದರೆ ನಾವೆಲ್ಲ ಒಲೆ ಕಡೆಗೋ ಬಚ್ಚಲ ಕಡೆಗೋ ಎದ್ದು ಹೋಗುವವರು. ನೀನೊಬ್ಬಳು ಆಗ ನೆಟ್ಟಗೆ ಕೂತು, ಸೀರಿಯಲ್ ಶುರುವಾದ ಮೇಲೆ ಕಾಫಿಗೆ ಏಳುತ್ತಿದ್ದೆ. ನಿಮ್ಮಜ್ಜಿಗೆ ಅದೇ ಒಂದು ತಮಾಷೆಯಾಗಿತ್ತು.

ಗೋಡೆ ಬಣ್ಣದ ಜಾಹೀರಾತೊಂದು ಬಂತು. ದೊಡ್ಡ ಮನೆ, ಕನ್ನಡಿಯಂಥ ಬಿಳಿ ನೆಲ. ಮಗು ಗೋಡೆಗೆಲ್ಲ ಮಸಿ ಬಳಿಯುತ್ತದೆ, ತಾಯಿ ನಗುನಗುತ್ತಾ ಬಟ್ಟೆ ಆಡಿಸುತ್ತಾಳೆ, ಗೋಡೆ ಮತ್ತೆ ಲಕಲಕ. ನೀನು ‘ಗಂಡ-ಹೆಂಡತಿ, 30ರಿಂದ 45, ಪಟ್ಟಣ, ಸ್ವಂತ ಮನೆ’ ಅಂತ ಟೈಪ್ ಮಾಡಿದೆ. ಅಷ್ಟು ಹೊತ್ತಿಗೆ ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು: “ಗ್ವಾಡೆ ಸರಿ ಕನವ್ವ. ಅಷ್ಟಗಲ ಬಿಳೀ ನೆಲ ಅದಲ್ಲಾ, ಅದ ಒರಸೋರು ಯಾರು?”

ನೀನು ನಕ್ಕೆ. ಅದನ್ನೂ ಬರೆದುಕೋ ಎಂದೆ ನಾನು. “ಅಜ್ಜಿ ಟಾರ್ಗೆಟ್ ಅಲ್ಲ ಬಿಡಿ ದೊಡ್ಡಪ್ಪಾ” ಅಂದುಬಿಟ್ಟೆ.

ನಿನ್ನ ಮಾತು ತಪ್ಪಲ್ಲ. ಆ ಬಣ್ಣ ಕೊಳ್ಳುವ ಕೈ ಅಜ್ಜಿಯದಲ್ಲ. ಆದರೆ ನಿನಗೆ ಗೊತ್ತಿರಬೇಕು, ಅಜ್ಜಿ ಇಪ್ಪತ್ತು ವರ್ಷ ಇನ್ನೊಬ್ಬರ ಮನೆ ನೆಲ ಒರೆಸಿದವರು. ನಿಮ್ಮಪ್ಪನ ಸ್ಕೂಲ್ ಫೀಸು ಆ ನೆಲದಿಂದಲೇ ಹುಟ್ಟಿದ್ದು. ಮೂವತ್ತು ಸೆಕೆಂಡಿನಲ್ಲಿ ಅವರ ಕಣ್ಣಿಗೆ ಗೋಡೆ ಬೀಳಲಿಲ್ಲ, ನೆಲ ಬಿತ್ತು. ಆ ಜಾಹೀರಾತು ಮಾಡಿದವರಿಗೆ ಇಂಥವರೊಬ್ಬರು ನೋಡುತ್ತಾರೆ ಎಂಬ ಎಣಿಕೆಯೇ ಇದ್ದಿರಲಾರದು.

ನಾನು ಹೇಳಬೇಕಾದದ್ದು ಇಷ್ಟೇ: ನೀನು ಆವತ್ತು ಎರಡು ಗಂಟೆ ಟಿವಿ ನೋಡಿದೆ, ಟಿವಿ ನೋಡುತ್ತಿದ್ದ ನಮ್ಮನ್ನು ಒಂದು ಸಲವೂ ತಿರುಗಿ ನೋಡಲಿಲ್ಲ.

ಇವನಿಗೇನು ಗೊತ್ತು ಎನ್ನಬೇಡ. ನೀನು ಹುಟ್ಟುವ ಮೊದಲೇ ನಿನ್ನ ದೊಡ್ಡಪ್ಪ ಜಾಹೀರಾತಿನಲ್ಲಿದ್ದ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಆರಡಿ ಅಗಲದ ಅಂಗಡಿ ಇಟ್ಟುಕೊಂಡು ಬೋರ್ಡು, ಗೋಡೆ ಬರೆದವನು. ಗೊಬ್ಬರ, ಬಿತ್ತನೆ ಬೀಜ, ಬೀಡಿ, ಸೋಪು, ಸಿಮೆಂಟು, ಎಲೆಕ್ಷನ್ ಬಂದರೆ ಎಲ್ಲ ಪಕ್ಷದ ಗುರುತು. ಬೆಳಗ್ಗೆ ಗೋಡೆ ಕೆರೆದು ಸುಣ್ಣ ಹೊಡೆದು ಬಂದರೆ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ದಾರಕ್ಕೆ ಚಾಕ್ ಪುಡಿ ಸವರಿ, ಒಂದು ತುದಿ ನಾನು, ಒಂದು ತುದಿ ಹುಡುಗ ಹಿಡಿದು ಚಟ್ ಅಂತ ಬಿಟ್ಟರೆ ಗೆರೆ. ಆ ಗೆರೆ ಮೇಲೆ ಅಕ್ಷರ. ಚದರಡಿ ಲೆಕ್ಕದಲ್ಲಿ ದುಡ್ಡು. ಆಮೇಲೆ ಫ್ಲೆಕ್ಸ್ ಬಂತು, ನನ್ನ ಬ್ರಷ್ಷು ಡಬ್ಬದಲ್ಲೇ ಒಣಗಿತು. ಆ ಕತೆ ಬೇಡ, ಹೇಳಿ ಹೇಳಿ ನನಗೇ ಸಾಕಾಗಿದೆ.

ಕಂಪನಿಯವರು ‘ಮೇನ್ ರೋಡು, ಬಸ್ ನಿಲ್ಲುವ ಕಡೆ, ಇಷ್ಟು ಚದರಡಿ’ ಅಂತ ಚೀಟಿ ಕೊಟ್ಟು ಹೋಗುತ್ತಿದ್ದರು. ಯಾವ ಗೋಡೆ ಎಂಬುದನ್ನು ಆರಿಸುತ್ತಿದ್ದವನು ನಾನು. ಮಾದಪ್ಪನ ಬೆಟ್ಟದ ದಾರಿ ನೋಡು. ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ. ಅಮಾವಾಸ್ಯೆ ಬಂತೆಂದರೆ ಆ ದಾರಿಯಲ್ಲಿ ಜನವೋ ಜನ. ಅಷ್ಟು ಜನಕ್ಕೂ ಒಂದೇ ಗೋಡೆ ಸಾಕು ಅಂತ ಹೊಸಬ ಅಂದುಕೊಳ್ಳುತ್ತಾನೆ. ಅದೇ ದಾರಿ, ಅದೇ ಜನ; ಹೋಗುವಾಗ ಒಂದು, ಬರುವಾಗ ಇನ್ನೊಂದು. ಹೋಗುವಾಗ ಹರಕೆ ತಲೆಯಲ್ಲಿರುತ್ತದೆ, ದುಡ್ಡು ಸೆರಗಿನ ಗಂಟಿನಲ್ಲಿರುತ್ತದೆ, ಬಸ್ಸಿನ ತುಂಬ ಉಘೇ ಉಘೇ ಎನ್ನುವ ಕೂಗು. ಮುಡಿ ಕೊಟ್ಟು ವಾಪಸು ಬರುವಾಗ ಬೋಳುತಲೆಗೆ ಗಾಳಿ ಬಡಿಯುತ್ತಿರುತ್ತದೆ, ಗಂಟು ಖಾಲಿ, ನಾಳೆ ಹೊಲಕ್ಕೆ ಏನು ಹಾಕಬೇಕು ಎಂಬ ಲೆಕ್ಕ ಶುರುವಾಗಿರುತ್ತದೆ. ಅದಕ್ಕೇ ನಾನು ಹೋಟೆಲು, ಬಟ್ಟೆ ಅಂಗಡಿಯನ್ನು ಹೋಗುವವರಿಗೆ ಕಾಣುವ ಗೋಡೆಗೆ ಬರೆದೆ; ಗೊಬ್ಬರ, ಬೀಜವನ್ನು ಬರುವವರಿಗೆ ಕಾಣುವ ಗೋಡೆಗೆ ಬರೆದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ಕಾರಿನವರು ಜಾಸ್ತಿ. ಅಲ್ಲಿ ಮೂರು ಪದಕ್ಕಿಂತ ಹೆಚ್ಚು ಬರೆದರೆ ಬಣ್ಣ ದಂಡ. ಮಾರ್ಟಳ್ಳಿಯಲ್ಲಿ ತಮಿಳಿನಲ್ಲೂ ಬರೆಯಬೇಕಿತ್ತು. ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ನಮ್ಮ ಕಡೆ ನಾಲಿಗೆ ಒಂದೇ ಅಲ್ಲ. ತಮಿಳು ನನಗೆ ಓದಲು ಬರದು, ಚಿತ್ರ ಬರೆದ ಹಾಗೆ ನೋಡಿಕೊಂಡು ಬರೆಯುತ್ತಿದ್ದೆ. ಒಂದು ಸಲ ಒಂದು ಅಕ್ಷರದ ಬಾಲ ಬಿಟ್ಟಿದ್ದೆ. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಕೋಲಿನ ತುದಿಯಿಂದ ಆ ಬಾಲ ಎಲ್ಲಿ ಬರಬೇಕು ಅಂತ ಸುಣ್ಣದ ಮೇಲೆ ಗೀರಿ ತೋರಿಸಿ ಹೋದರು. ಗೊಬ್ಬರದ ಕಂಪನಿಯವರು ಅವರನ್ನು ಯಾವ ಲೆಕ್ಕಕ್ಕೆ ಸೇರಿಸಿದ್ದರೋ ಏನೋ, ನನಗೆ ಮಾತ್ರ ಅವರೇ ಮೇಷ್ಟ್ರಾದರು.

ಈಗ ಟಿವಿಗೆ ಬರೋಣ. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಿಂದ. ಬೆಂಗಳೂರು ಕೇಂದ್ರ 1981ರಲ್ಲಿ ಬಂತು. ನಮ್ಮ ಬೀದಿಗೆ ಟಿವಿ ಬರಲು ಇನ್ನೂ ಐದಾರು ವರ್ಷ ಬೇಕಾಯಿತು. ರೇಷ್ಮೆ ವ್ಯಾಪಾರಿಯೊಬ್ಬರ ಮನೆ ಪಡಸಾಲೆಯಲ್ಲಿ ಅದನ್ನು ಕೂರಿಸಿ, ಮಾಳಿಗೆ ಮೇಲೆ ಎತ್ತರದ ಕೊಳವೆಗೆ ಆಂಟೆನಾ ಕಟ್ಟಿದರು. 1987ರಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಗ್ಗೆ ಆ ಪಡಸಾಲೆ ಹೇಗಿರುತ್ತಿತ್ತು ಗೊತ್ತೇ? ಯಜಮಾನರು ಕುರ್ಚಿಯಲ್ಲಿ. ಅವರ ಹೆಂಡತಿ ಅಡುಗೆಮನೆ ಬಾಗಿಲಿಗೆ ಒರಗಿ. ಬೀದಿ ಮಕ್ಕಳೆಲ್ಲ ನೆಲದ ಮೇಲೆ. ಕಿಟಕಿ ಸರಳು ಹಿಡಿದು ಹೊರಗೆ ನಿಂತವರು ಆ ಮನೆಗೆ ಬಟ್ಟೆ ಒಗೆಯುವವರು, ನೀರು ತರುವವರು. ಬಟ್ಟೆ ಪೌಡರಿನ ಜಾಹೀರಾತು ಬಂತು ಅನ್ನು. ದುಡ್ಡು ಕೊಡುವವನು ಕುರ್ಚಿಯಲ್ಲಿ, ಬೇಕು ಎನ್ನುವವಳು ಬಾಗಿಲಲ್ಲಿ, ಆ ಪೌಡರಿನಿಂದ ಕೈಬೆರಳು ಬಿರಿಯುವವಳು ಕಿಟಕಿಯಾಚೆ. ಇದರಲ್ಲಿ ನಿನ್ನ ಟಾರ್ಗೆಟ್ಟು ಯಾವುದು?

ಆಗ ಎರಡು ಪೌಡರಿನ ಜಗಳವಿತ್ತು. ನಿಮ್ಮ ಪುಸ್ತಕದಲ್ಲೂ ಇದ್ದೇ ಇರುತ್ತದೆ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಶುರುಮಾಡಿದ ನಿರ್ಮಾ, ಸರ್ಫ್‌ಗಿಂತ ಎಷ್ಟೋ ಅಗ್ಗ. ಅದಕ್ಕೆ ಎದುರಾಗಿ ಸರ್ಫ್ ಪರವಾಗಿ ಜಾಹೀರಾತುಗಾರ ಆಲಿಕ್ ಪದಮ್ಸಿ ಲಲಿತಾಜಿ ಎಂಬ ಪಾತ್ರವನ್ನು ತಂದರು. ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಲೆಕ್ಕದ ಹೆಂಗಸು, ದುಬಾರಿ ಪೌಡರನ್ನು ಯಾಕೆ ಕೊಳ್ಳುತ್ತಾಳೆ ಅಂತ ಸಮರ್ಥನೆ. ಮಾತೆಲ್ಲ ಹಿಂದಿ. ನಮ್ಮ ಬೀದಿಯ ಹೆಂಗಸರಿಗೆ ಒಂದಕ್ಷರ ತಿಳಿಯದು. ಆದರೆ ಆಕೆ ಟೊಮೆಟೊವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಬಗೆ ಇದೆಯಲ್ಲ, ಅದು ಪೂರ್ತಿ ಕನ್ನಡವೇ. “ಈ ಯಮ್ಮ ಗಟ್ಟಿಗಿತ್ತಿ ಕಣ” ಅಂತ ಕಿಟಕಿಯಾಚೆಯಿಂದ ಯಾರೋ ಅಂದದ್ದು ನನಗಿನ್ನೂ ಕಿವಿಯಲ್ಲಿದೆ. ಕೊಂಡದ್ದು ಮಾತ್ರ ನಿರ್ಮಾವನ್ನೇ. ಅದರ ಹಾಡನ್ನು ನೆಲದ ಮೇಲೆ ಕೂತ ಮಕ್ಕಳು ಬಾಯಿಪಾಠ ಮಾಡಿಕೊಂಡು ಬೀದಿಬೀದಿ ಹಾಡಿದರು. ಒಂದು ಪೈಸೆ ಕೈಯಲ್ಲಿಲ್ಲದ ಮಕ್ಕಳು ಕಂಪನಿಗೆ ಬಿಟ್ಟಿ ರೇಡಿಯೊ ಆಗಿಬಿಟ್ಟವು. ಶಾಂಪೂ ಕತೆ ಇನ್ನೂ ಬೇರೆ. ಕಡಲೂರಿನವರು ಒಂದು ರೂಪಾಯಿ, ಎಂಟಾಣೆ ಚೀಟಿನಲ್ಲಿ ಚಿಕ್ ಶಾಂಪೂ ಮಾರಲು ಹೊರಟರಲ್ಲ, ಹನೂರಿನ ಪೆಟ್ಟಿಗೆ ಅಂಗಡಿಯಲ್ಲಿ ಮಲ್ಲಿಗೆ ಮಾಲೆಯ ಹಾಗೆ ನೇತಾಡುತ್ತಿದ್ದ ಆ ಚೀಟುಗಳೇ ಜಾಹೀರಾತು. ದಿನಗೂಲಿಯವಳ ಕೈಗೆ ಎಷ್ಟು ದುಡ್ಡು, ಯಾವಾಗ ಬರುತ್ತದೆ ಎಂಬುದನ್ನು ಯಾರೋ ಕೂತು ನೋಡಿದ್ದರು.

ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು, ಆ ಪಡಸಾಲೆ ಮುಗಿದ ಕತೆ ಅನ್ನುತ್ತೀಯ. ಪೂರ್ತಿ ಮುಗಿದಿಲ್ಲ. ಹನೂರಿನ ಟೀ ಅಂಗಡಿಗೆ ಹೋಗಿ ನೋಡು. ಗೋಡೆಗೆ ಹೊಡೆದ ಟಿವಿ ಕೆಳಗೆ ಲಾರಿ ಡ್ರೈವರು, ಜೋಳ ಮಾರಲು ಬಂದವರು, ಬಸ್ ತಪ್ಪಿದ ಕಾಲೇಜು ಹುಡುಗೀರು, ಎಲ್ಲ ಒಟ್ಟಿಗೇ ತಲೆ ಎತ್ತಿಕೊಂಡಿರುತ್ತಾರೆ. ಟಿವಿ ನೋಡುವವರನ್ನು ಎಣಿಸಲು ಈಗ ಬಾರ್ಕ್ ಇದೆ, ಆರಿಸಿದ ಮನೆಗಳಲ್ಲಿ ಮೀಟರಿಟ್ಟು ಒಬ್ಬೊಬ್ಬರಿಗೆ ಒಂದೊಂದು ಗುಂಡಿ ಕೊಡುತ್ತಾರೆ, ಟಿವಿ ಮುಂದೆ ಕೂತಾಗ ಅವರವರ ಗುಂಡಿ ಒತ್ತಬೇಕು ಅಂತ ನೀನೇ ಹೇಳಿದ್ದೆ. ಒಳ್ಳೆಯ ಉಪಾಯ. ಆದರೆ ಟೀ ಅಂಗಡಿಯಲ್ಲಿ ಗುಂಡಿಯಿಲ್ಲ. ನಿಮ್ಮಜ್ಜಿಗೆ ಗುಂಡಿ ಕೊಟ್ಟಿದ್ದರೂ ಕೂತದ್ದು ಗೊತ್ತಾಗುತ್ತಿತ್ತೇ ಹೊರತು ಕೇಳಿದ್ದು ಗೊತ್ತಾಗುತ್ತಿರಲಿಲ್ಲ.

ಹಾಗೇ, ಯಾವ ಮನೆ ಯಾವ ಮೆಟ್ಟಿಲಿನದು ಅಂತ ಅಳೆಯಲು ನಿಮ್ಮ ಕಸುಬಿನವರು ಇಟ್ಟುಕೊಂಡ ಆ ಹನ್ನೊಂದು ಸಾಮಾನಿನ ಪಟ್ಟಿ. ಆವತ್ತು ರಾತ್ರಿ ಊಟ ಆದ ಮೇಲೆ ನೀನು ತೆಗೆದು ತೋರಿಸಿದೆ, ನಾವಿಬ್ಬರೂ ಲೆಕ್ಕ ಹಾಕಿದೆವು. ಕರೆಂಟು ಇದೆ, ಫ್ಯಾನಿದೆ, ಗ್ಯಾಸಿದೆ, ಟಿವಿಎಸ್ ಗಾಡಿ ಇದೆ, ಕಲರ್ ಟಿವಿ, ಫ್ರಿಜ್ಜು ಇದೆ. ವಾಷಿಂಗ್ ಮೆಷೀನು ಇಲ್ಲ, ಕಂಪ್ಯೂಟರ್ ಇಲ್ಲ (ನಿನ್ನದು ನಿನ್ನ ಜೊತೆ ಮೈಸೂರಿಗೆ ಹೋಗುತ್ತದೆ), ಕಾರಿಲ್ಲ, ಎಸಿ ಇಲ್ಲ. ಹನ್ನೊಂದನೆಯದು ಜಮೀನು, ಅದು ಮೂವತ್ತು ಗುಂಟೆ ಇದೆ. ಒಟ್ಟು ಏಳು. ಆಮೇಲೆ ಮನೆ ಖರ್ಚಿಗೆ ಹೆಚ್ಚು ದುಡಿದು ಹಾಕುವವರು ಎಷ್ಟು ಓದಿದ್ದಾರೆ ಎಂಬ ಪ್ರಶ್ನೆ. ಎರಡನ್ನೂ ಕೂಡಿಸಿದರೆ ಎ1ರಿಂದ ಇ3ರವರೆಗೆ ಹನ್ನೆರಡು ಮೆಟ್ಟಿಲಲ್ಲಿ ಒಂದು. 2011ರಲ್ಲಿ ಬಂದ ಅಳತೆ ಇದು ಎಂದೆ. ನನಗೆ ಸಿಟ್ಟು ಬರಲಿಲ್ಲ, ಕೂಸೇ. ಚದರಡಿ ಲೆಕ್ಕದಲ್ಲಿ ಬದುಕಿದವನು ನಾನು, ವ್ಯಾಪಾರಕ್ಕೆ ಅಳತೆ ಬೇಕು. ಒಂದೇ ಮಾತು: ಆ ಮೂವತ್ತು ಗುಂಟೆಗೆ ನೀರಿದೆಯೇ, ಮಳೆ ನಂಬಿ ಕೂತಿದೆಯೇ ಎಂಬ ಕಾಲಂ ಅಲ್ಲಿಲ್ಲ. ನಮ್ಮ ಕಡೆ ಮನುಷ್ಯ ಅಂಗಡಿಗೆ ಹೋಗುವುದೂ ಹೋಗದಿರುವುದೂ ಆ ಕಾಲಂ ಮೇಲೆ ನಿಂತಿದೆ. ನಾಲೆ ಬಯಲಿನ ಯಳಂದೂರಿನ ಒಂದೆಕರೆ, ಲೊಕ್ಕನಹಳ್ಳಿ ಕಡೆಯ ಒಂದೆಕರೆ ನಿಮ್ಮ ಪಟ್ಟಿಯಲ್ಲಿ ಅಣ್ಣತಮ್ಮಂದಿರು. ಹೊಲದಲ್ಲಿ ನೆಂಟರೂ ಅಲ್ಲ.

ಇನ್ನೊಂದು ವಿಷಯ. ಪಟ್ಟಿಯ ಕೆಳಗಿನ ಮೆಟ್ಟಿಲಿನವರು ತಿಳಿಯದವರು ಎಂಬ ನಂಬಿಕೆ ನಿಮ್ಮ ಕಸುಬಿನವರಲ್ಲಿ ಹೇಗೋ ಸೇರಿಕೊಂಡಿದೆ. ನಮ್ಮ ಪಕ್ಕದ ಬೀದಿಯಲ್ಲಿ ಮಗ್ಗದವರೊಬ್ಬರಿದ್ದಾರೆ. ಮದುವೆ ಸೀರೆ ಜಾಹೀರಾತು ಬಂದರೆ ಹುಡುಗಿಯ ಮುಖ ನೋಡುವುದೇ ಇಲ್ಲ, ಸೆರಗನ್ನೇ ನೋಡುತ್ತಾರೆ. “ಅದು ಬೀಳೋ ರೀತೀಲೇ ಗೊತ್ತಾಯ್ತದೆ, ಒಳಗೆ ಪಾಲಿಸ್ಟರ್ ಸೇರದೆ” ಅನ್ನುತ್ತಾರೆ. ಜರಿ ಮಿನುಗಿದ ಬಗೆ ನೋಡಿ ಅಸಲಿಯೋ ನಕಲಿಯೋ ಹೇಳುತ್ತಾರೆ. ಆ ಅಂಗಡಿಯ ಗಿರಾಕಿ ಅವರಲ್ಲ, ನಿಜ. ಆದರೆ ಮಗಳ ಮದುವೆಗೆ ಸೀರೆ ತೆಗೆಯಬೇಕಾದ ಬೀದಿಯವರೆಲ್ಲ ಮೊದಲು ಕೇಳುವುದು ಅವರನ್ನೇ.

ಬೆಟ್ಟದ ಪೋಡಿನ ಸೋಲಿಗರೊಬ್ಬರು ನನಗೆ ಹಳೆಯ ಸ್ನೇಹಿತರು. ಒಂದು ಸಲ ಅವರ ಜೊತೆ ಕೂತು ಜೇನುತುಪ್ಪದ ಜಾಹೀರಾತು ನೋಡಿದೆ. ತೆಳ್ಳಗಾಗುವ ಆಸೆಯ ಹೆಂಗಸು ಬಿಸಿನೀರಿಗೆ ಒಂದು ಚಮಚ ಹಾಕಿಕೊಂಡು ಓಡುತ್ತಾಳೆ. ಮುಗಿದ ಮೇಲೆ ಅವರು ನನ್ನ ಮುಖ ನೋಡಿದರು. “ಹೆಜ್ಜೇನೋ ತುಡುವೆಯೋ ಹೇಳ್ನಿಲ್ಲ. ಯಾವ ಹೂವಿನ ಕಾಲದ್ದು ಅಂತಾನೂ ಹೇಳ್ನಿಲ್ಲ. ಮತ್ತೆ ಜೇನು ಅಂತ ಏನ ಹೇಳುದ್ರು ಅವ್ರು?” ನೋಡು, ಈ ಪ್ರಶ್ನೆಯಲ್ಲಿ ಒಂದು ಇಡೀ ಜಾಹೀರಾತಿದೆ. ಬಿಳಿಗಿರಿರಂಗನ ಬೆಟ್ಟದ ಜೇನನ್ನು ಮಾರುವ ಕೆಲಸ ನಿನಗೆ ಬಂದರೆ ತೆಳ್ಳಗಿನ ಹೆಂಗಸನ್ನು ಹುಡುಕಬೇಡ, ಅವರ ಹತ್ತಿರ ಹೋಗಿ ಕೂರು.

ಈಗ ನೀನೂ ನಾನೂ ಜಗಳವಾಡಿದ ವಿಷಯ. 2025ರ ಮೇ ತಿಂಗಳಲ್ಲಿ ಮೈಸೂರ್ ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದರು. ನಮ್ಮ ನಟಿಯರು ಇರಲಿಲ್ಲವೇ ಅಂತ ರಾಜ್ಯದ ತುಂಬ ಕೂಗು. ನೀನೂ ಫೋನಿನಲ್ಲಿ ಕೂಗಿದೆ. ಮಂತ್ರಿ ಎಂ.ಬಿ. ಪಾಟೀಲರು ಕೊಟ್ಟ ಕಾರಣ, ನಾವು ಹಿಡಿಯಬೇಕಾದದ್ದು ಕರ್ನಾಟಕದ ಆಚೆಯ ಮಾರುಕಟ್ಟೆ ಎಂಬುದು. ನಿಮ್ಮ ಪುಸ್ತಕದ ಪ್ರಕಾರ ಅದು ಸರಿಯಾದ ಉತ್ತರ. ಕೊಳ್ಳೇಗಾಲದವನಿಗೆ ಆ ಸೋಪು ಗೊತ್ತಿಲ್ಲವೇ? ಬಾಣಂತಿ ನೀರಿಗೂ ಅದೇ, ಬೀಗರ ಮನೆಗೆ ಹೊರಡುವಾಗ ಟ್ರಂಕಿನ ಸೀರೆ ನಡುವೆ ಇಡುವುದೂ ಅದೇ. ಅವನಿಗೆ ಹೇಳಲು ಆರು ಕೋಟಿ ಬೇಕಿಲ್ಲ. 2006ರಲ್ಲಿ ಧೋನಿ ಬಂದದ್ದೂ ಹೊರಗಿನವರಿಗಾಗಿಯೇ ಇರಬೇಕು.

ಅದಕ್ಕೇ ಆವತ್ತು ನಾನು ಮಂತ್ರಿಗಳ ಪಕ್ಷ ಹಿಡಿದೆ, ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಯೋಚಿಸಿದರೆ ನಿನ್ನ ಕಡೆಯೂ ಸ್ವಲ್ಪ ನ್ಯಾಯ ಕಂಡಿತು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಹೋಗುವುದು ನಿಂತು, 1916ರಲ್ಲಿ ನಾಲ್ವಡಿಯವರೂ ವಿಶ್ವೇಶ್ವರಯ್ಯನವರೂ ಗಂಧದೆಣ್ಣೆ ಕಾರ್ಖಾನೆ ಶುರುಮಾಡಿದರು, ಅದರ ಬೆನ್ನಿಗೇ ಸೋಪು. ಗಂಧದ ಮರ ಬೆಳೆದದ್ದು ನಮ್ಮಂಥ ಕಾಡುಗಳಲ್ಲಿ. ಅದೇ ಮರದ ಕಳ್ಳತನದಿಂದ ಹನೂರು ಕಡೆಯ ಹಳ್ಳಿಗಳು ಎಷ್ಟು ವರ್ಷ ರಾತ್ರಿ ದೀಪ ಹಚ್ಚಲು ಹೆದರಿಕೊಂಡು ಬದುಕಿದವು ಅಂತ ನಿನಗೆ ಗೊತ್ತು. ‘ಟಾರ್ಗೆಟ್’ ಎಂಬ ಮಾತಿಗೆ ಆಗ ಇಲ್ಲಿ ಬೇರೆಯೇ ಅರ್ಥವಿತ್ತು. ಅಷ್ಟು ಹತ್ತಿರದ ಸೋಪಿನ ಜಾಹೀರಾತನ್ನು ಮುಂಬಯಿಯವನಿಗೆ ಅಂತ ಮಾಡಿದರೂ ನೋಡುವುದು ನಾವೂ ಹೌದು. ಗುರಿ ಅವನ ಮೇಲಿರಲಿ. ನಮ್ಮ ಮನೆ ಮಗಳು ಹೊರಗೆ ಹೋಗುತ್ತಿದ್ದಾಳೆ, ಇವರು ಕರೆದುಕೊಂಡು ಹೋಗುತ್ತಾರೆ ಅಂತ ನಮಗೂ ಮೊದಲೇ ಒಂದು ಮಾತು ಹೇಳಿದ್ದರೆ ಅಷ್ಟು ಕೂಗು ಏಳುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಗೋಡೆ ಬರೆಯುವಾಗ ನಾವು ಗೋಡೆ ಯಜಮಾನನನ್ನು ಮೊದಲು ಮಾತಾಡಿಸುತ್ತಿದ್ದೆವು. ಅವನು ಆ ಸಾಮಾನು ಕೊಳ್ಳುವವನಲ್ಲ, ಆದರೂ ದಿನಾ ನೋಡಬೇಕಾದವನು ಅವನೇ.

ರಾಜ್‌ಕುಮಾರ್ ನಂದಿನಿ ಹಾಲಿಗೆ ಜಾಹೀರಾತು ಮಾಡಿದ್ದರು. ಒಂದು ರೂಪಾಯಿಯೂ ಸಂಭಾವನೆ ತೆಗೆದುಕೊಳ್ಳಲಿಲ್ಲ, ಮುಂದೆ ಮಗ ಪುನೀತ್ ಕೂಡ ಹಾಗೇ ನಡೆದುಕೊಂಡರು. ಅಣ್ಣಾವ್ರ ಗಾಜನೂರು ನಮಗೆ ದೂರವೇನಲ್ಲ, ಅವರ ಮಾತಿನ ಕೆಳಗೆ ನಮ್ಮ ಸೀಮೆಯ ಎಳೆ ಇತ್ತು. ಆ ಜಾಹೀರಾತಿನ ಟಾರ್ಗೆಟ್ ಯಾರು ಅಂತ ಕೇಳಿದರೆ ‘ಹಾಲು ಕುಡಿಯುವವರು’ ಎಂದು ಬರೆದುಬಿಡುತ್ತೀಯ. ನಾನು ಆಗ ಬೆಳಗ್ಗೆ ಆರಕ್ಕೆ ಡೈರಿ ಮುಂದಿನ ಗೋಡೆ ಬರೆಯುತ್ತಿದ್ದವನು. ಕ್ಯಾನು ಹಿಡಿದು ಸಾಲು ನಿಂತ ಹೆಂಗಸರು “ನಮ್ಮ ಹಾಲ ಅಣ್ಣಾವ್ರೇ ಕುಡೀರಿ ಅಂತವ್ರೆ” ಅಂತ ಮಾತಾಡಿಕೊಳ್ಳುತ್ತಿದ್ದರು. ಹಾಲು ಹಾಕುವವಳ ಬೆನ್ನು ಅರ್ಧ ಇಂಚು ನೆಟ್ಟಗಾಗಿತ್ತು. ಫ್ಯಾಟ್ ಅಳೆಯುವ ಹುಡುಗನ ಜೊತೆ ಜಗಳವೂ ಜೋರಾಯಿತು, ಅದು ಬೇರೆ ಮಾತು.

ಭಾಷೆ ವಿಚಾರ ಜಾಸ್ತಿ ಹೇಳುವುದಿಲ್ಲ. ಸಿನಿಮಾಕ್ಕೆ ಡಬ್ಬಿಂಗ್ ಬೇಡ ಅಂತ ನಾವು ಎಷ್ಟೋ ವರ್ಷ ಹಟ ಹಿಡಿದು ಕೂತಿದ್ದೆವು, ಆ ಹೊತ್ತಿನಲ್ಲಿ ಜಾಹೀರಾತು ಮಾತ್ರ ಡಬ್ ಆಗಿ ಮನೆಯೊಳಗೆ ಬಂದು ಕಾಲು ಚಾಚಿತು. ನಿಮ್ಮ ದೊಡ್ಡಮ್ಮ ಅನ್ನುವ ಹಾಗೆ “ಬಾಯೊಂದು ಕಡೆ, ಮಾತೊಂದು ಕಡೆ.” ಕನ್ನಡದ ಜಾಹೀರಾತನ್ನು ಕನ್ನಡದಲ್ಲೇ ಹುಟ್ಟಿಸು. ಬೇರೆ ಭಾಷೆಯಲ್ಲಿ ಹುಟ್ಟಿದ್ದನ್ನು ಕನ್ನಡಕ್ಕೆ ತರುವ ಕೆಲಸ ಕೊಟ್ಟರೆ, ತುಟಿ ಕೂಡದಿದ್ದರೂ ಚಿಂತೆಯಿಲ್ಲ, ಮಾತು ಕೂಡಲಿ ಅಂತ ಜಗಳವಾಡು. ನಮ್ಮ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡಲು ಬಂದರೆ, ಕೂತ ತಕ್ಷಣ ಬಾಯಿ ತೆರೆಯುವುದಿಲ್ಲ. ಒಂದು ಲೋಟ ನೀರು ಕುಡಿಯುವ ನೆಪದಲ್ಲಿ ಎದುರಿಗೆ ಯಾರ್ಯಾರು ಕೂತಿದ್ದಾರೆ ಅಂತ ಕಣ್ಣಾಡಿಸುತ್ತಾರೆ. ಹೆಂಗಸರು ಹೆಚ್ಚಿದ್ದರೆ ಸಂಕಮ್ಮನ ಸಾಲು ಎತ್ತಿಕೊಳ್ಳುತ್ತಿದ್ದುದನ್ನು ನಾನು ಎಷ್ಟೋ ರಾತ್ರಿ ಕಂಡಿದ್ದೇನೆ. ಹಾಗಂತ ಮೂಲೆಯಲ್ಲಿ ಕೂತ ಗಂಡಸರನ್ನು ಅವರು ಮರೆಯುವುದಿಲ್ಲ. ಸಂಕಮ್ಮನಿಗೆ ಕಷ್ಟ ಕೊಟ್ಟ ಗಂಡನ ಕತೆ ಬಂದಾಗ ತಾಳ ತಟ್ಟುತ್ತಾ ಆ ಮೂಲೆ ಕಡೆಗೇ ತಿರುಗುತ್ತಾರೆ.

ಕಡೆಯದಾಗಿ ಒಂದು. ಇದನ್ನು ಹೇಳಲು ನನಗೆ ಅಷ್ಟು ಇಷ್ಟವಿಲ್ಲ.

ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಜಾಹೀರಾತು ಕ್ರಿಕೆಟ್ ನಡುವೆ ಎಷ್ಟು ಬರುತ್ತಿದ್ದವು. ಆಟಗಾರರು, ನಟರು ಬಂದು ಕರೆಯುತ್ತಿದ್ದರು. ಕೊನೆಗೆ ಒಬ್ಬ ಉಸಿರು ಬಿಡದೆ, ನಷ್ಟವಾಗಬಹುದು, ಚಟ ಹತ್ತಬಹುದು ಅಂತ ಗಡಗಡ ಓದಿ ಮುಗಿಸುತ್ತಿದ್ದ. ನಿಮ್ಮ ಕ್ಲಾಸಿನಲ್ಲಿ ಅಂಥದ್ದೊಂದನ್ನು ಒಳ್ಳೆಯ ಮಾದರಿ ಅಂತ ತೋರಿಸಿದರು ಎಂದೆ: ‘ಗಂಡು, 18ರಿಂದ 30, ಸಣ್ಣ ಊರು.’ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಆ ಆಟವನ್ನೂ ಅದರ ಜಾಹೀರಾತನ್ನೂ ನಿಲ್ಲಿಸಿತು. ಅಷ್ಟರಲ್ಲಿ ನಮ್ಮ ಬೀದಿಯ ಒಬ್ಬ ಹುಡುಗ ಬೈಕು ಮಾರಿ ಆಗಿತ್ತು. ಆ ಜಾಹೀರಾತು ಮಾಡಿದವರು ಕೆಟ್ಟವರು ಅಂತ ನೀನು ಸಿಟ್ಟಿನಿಂದ ಹೇಳಿದಾಗ ನಾನು ಸುಮ್ಮನಿದ್ದೆ. ಯಾಕೆಂದರೆ ನಾನೂ ಅದನ್ನು ಮಾಡಿದ್ದೇನೆ.

2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಿತು. ಅದಕ್ಕೆ ಮೊದಲು ಬಸ್ ಸ್ಟ್ಯಾಂಡ್ ಸುತ್ತ ಲಾಟರಿ ಅಂಗಡಿಗಳ ಸಾಲೇ ಇತ್ತು. ಒಂದು ಅಂಗಡಿಯವನು ಬೋರ್ಡು ಬರೆದುಕೊಡು ಅಂತ ಬಂದ. ಹಳದಿ ತಳ, ಮೇಲೆ ಕೆಂಪಿನಲ್ಲಿ ‘ಇಂದೇ ಡ್ರಾ’. ಅಕ್ಷರ ಬರೆದುಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನಗೆ ಕಸುಬಿನ ಹಮ್ಮು. “ಬೋರ್ಡನ್ನ ರಸ್ತೆ ಕಡೆ ತಿರುಗಿಸಬೇಡ, ಮಂಡಿ ಕಡೆ ತಿರುಗಿಸು” ಎಂದೆ. ಶನಿವಾರ ಸಂಜೆ ಹಮಾಲಿಗಳಿಗೆ ಬಟವಾಡೆ ಆಗುತ್ತಿದ್ದದ್ದು ಅಲ್ಲಿ. ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡು ತಲೆ ಎತ್ತಿದರೆ ಮೊದಲು ಕಾಣಬೇಕಾದದ್ದು ನನ್ನ ಕೆಂಪು. ಟಾರ್ಗೆಟ್ ಆಡಿಯನ್ಸ್ ಎಂಬ ಮಾತನ್ನು ನಾನು ಕೇಳಿರಲಿಲ್ಲ. ಕೆಲಸ ಮಾತ್ರ ನಿಮ್ಮ ಮೇಷ್ಟ್ರು ನೂರಕ್ಕೆ ನೂರು ಕೊಡುವ ಹಾಗಿತ್ತು. ಅಂಗಡಿಯವನು ಖುಷಿಯಾಗಿ ಮೇಲೆ ಐವತ್ತು ರೂಪಾಯಿ ಕೊಟ್ಟ, ನಾನು ತೆಗೆದುಕೊಂಡೆ.

ಐದಾರು ತಿಂಗಳಾದ ಮೇಲೆ ಒಂದು ಹೆಂಗಸು ತಗಡಿನ ಚೂರು ಹಿಡಿದುಕೊಂಡು ಅಂಗಡಿಗೆ ಬಂದಳು. ಎಣ್ಣೆ ಡಬ್ಬ ಬಿಡಿಸಿ ತಟ್ಟಿ ಚಪ್ಪಟೆ ಮಾಡಿದ್ದು, ಅಂಚು ಇನ್ನೂ ಹರಿತವಾಗಿತ್ತು. ಅದಕ್ಕೇ ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಮಂಡಿ ಪಕ್ಕ ಇಡ್ಲಿ ಇಡುತ್ತೇನೆ, ‘ಇಡ್ಲಿ ವಡೆ’ ಅಂತ ಬರೆದುಕೊಡಿ ಎಂದಳು. ನೀಲಿ ಚೆನ್ನಾಗಿ ಕಾಣುತ್ತದೆ, ನೀಲಿಯಲ್ಲಿ ಬರೆಯುತ್ತೇನೆ ಎಂದೆ.

“ಬ್ಯಾಡ ಸ್ವಾಮಿ. ಲಾಟ್ರಿ ಅಂಗ್ಡೀಗೆ ಹಾಕಿದ್ದೀರಲ್ಲ, ಅದೇ ಕೆಂಪ ಹಾಕಿ. ನಮ್ಮನೆಯೋರ್ ಕಣ್ಣು ಅದುಕ್ಕೇ ಹೋಯ್ತದೆ.”

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಆ ಬೋರ್ಡನ್ನು ತಿರುಗಿಸಿ ನಿಲ್ಲಿಸಿದವನು ನಾನು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಹಳೆಯ ಡಬ್ಬದ ತಳದಲ್ಲಿ ಉಳಿದಿದ್ದ ಕೆಂಪನ್ನೇ ಕಲಕಿ, ಅದೇ ಬ್ರಷ್ಷಿನಲ್ಲಿ, ಅಷ್ಟೇ ದಪ್ಪದ ಅಕ್ಷರದಲ್ಲಿ ಬರೆದೆ. ದುಡ್ಡು ಬೇಡ ಎಂದೆ. ಅವಳು ತಗಡನ್ನು ಒಣಗುವವರೆಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತಿದ್ದು ಹೋದಳು.

ಮಾರನೇ ದಿನ ಬೆಳಗ್ಗೆ ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಇಡ್ಲಿ ಅಂಗಡಿಗೆ ಬಂತು. ತಂದುಕೊಟ್ಟವನು ಅವಳ ಗಂಡ. ಅವನು ಬಗ್ಗಿ ಎಲೆಯನ್ನು ಮೇಜಿನ ಮೇಲಿಡುವಾಗ ಅಂಗಿ ಜೇಬಿನಿಂದ ಲಾಟರಿ ಚೀಟಿಯ ತುದಿ ಇಣುಕುತ್ತಿತ್ತು.